ಧಾತು-ಈಶ್ವರದ ಬರ ಮತ್ತು ಗಂಜಿಯ ಮಾತು

ಬಹಳ ದಿನದಿಂದ ಬರೀಬೇಕು ಅಂದ್ಕೊಂಡಿದ್ದ ವಿಷಯ ಇದು. ಆಫೀಸಿನಲ್ಲಿ ಒಂದು ರಿಲೀಸ್ ಮುಗಿದು ಎರಡು ವಾರಾಂತ್ಯ ಬಿಡುವು ಸಿಕ್ಕಿತು, ಅಲ್ಲಲ್ಲಿ ಓದಿ ಗುರುತು ಹಾಕಿಟ್ಟಿದ್ದನ್ನೆಲ್ಲ ಒಂದು ಕಡೆ ಸೇರಿಸಿದ್ದೇನೆ. ನಾನು ಓದಿದ್ದು ಇಂಜಿನಿಯರಿಂಗು, ಇತಿಹಾಸ ನನ್ನ ಹವ್ಯಾಸ ಅಷ್ಟೆ. ಸ್ವಲ್ಪ ಉದ್ದ ಆಗಿದೆ, ಪಕ್ಕಕ್ಕೆ ಚಹಾ ಇಟ್ಟುಕೊಂಡು ಓದಿ :)

ನಮ್ಮದು ಕುಷ್ಟಗಿ ತಾಲೂಕು. ನಮ್ಮ ಕಡೆ ಕ್ರೈಸ್ತರ ವಿಷಯ ಬಂದರೆ ಯಾರಾದರೂ ಒಬ್ಬರು "ಬರಗಾಲದಾಗ ಗಂಜಿ ಸಿಗತೈತಂತ ಹೋದವ್ರು" ಅಂದೇ ಅನ್ನುತ್ತಾರೆ. ಹಾಸ್ಟೆಲ್ಲಿನಲ್ಲಿ ನನ್ನ ರೂಮಿನಲ್ಲಿದ್ದ ಹುಡುಗ ಬೆಟಗೇರಿಯವನು, ಕ್ರೈಸ್ತ. ಅವನಿಗೆ ಈ ಮಾತನ್ನು ತಮಾಷೆ ಅಂತ ಎಷ್ಟು ಜನ ಎಷ್ಟು ಸಲ ಹೇಳಿದರೋ ಲೆಕ್ಕ ಇಲ್ಲ. ಅವನು ನಕ್ಕು ಪುಸ್ತಕ ತೆಗೆದುಕೊಳ್ಳುತ್ತಿದ್ದ. ನನಗೆ ಮಾತ್ರ ಆ ಮಾತು ತಲೆಯಲ್ಲೇ ಉಳಿದುಬಿಟ್ಟಿತು. ಯಾಕೆಂದರೆ ಅದು ಬರೀ ಅಭಿಪ್ರಾಯ ಅಲ್ಲ, ನಿಜವೋ ಸುಳ್ಳೋ ಅಂತ ಲೆಕ್ಕ ಹಾಕಿ ನೋಡಬಹುದಾದ ಮಾತು. ಆ ಬರ ಯಾವುದು, ಆಗ ಇಲ್ಲಿ ಕ್ರೈಸ್ತರು ಎಲ್ಲಿದ್ದರು, ಬರ ಮುಗಿದ ಮೇಲೆ ಏನಾಯಿತು.. ಇವಿಷ್ಟನ್ನು ನೋಡಿದರೆ ಸಾಕು ಅಲ್ವಾ?

ಮೊದಲು ಬರ. ಹಳಬರು ಇದಕ್ಕೆ ಧಾತು-ಈಶ್ವರದ ಬರ ಅನ್ನುತ್ತಾರೆ. ಧಾತು ಸಂವತ್ಸರ ಅಂದರೆ 1876-77, ಈಶ್ವರ ಅಂದರೆ 1877-78. ಇದಕ್ಕೂ ಮುಂಚೆ 1791-92ರಲ್ಲಿ ಡೋಗಿ ಬರ ಬಂದಿತ್ತು. ಹೂಳುವವರಿಲ್ಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದವು ಅಂತ ಆ ಹೆಸರು. ಅದಾದ ಮೇಲೆ ಇಷ್ಟು ದೊಡ್ಡದು ಧಾತು ಬರವೇ. 1876ರಲ್ಲಿ ಮುಂಗಾರೂ ಕೈಕೊಟ್ಟಿತು, ಹಿಂಗಾರೂ ಕೈಕೊಟ್ಟಿತು. ಮರುವರ್ಷದ ಮುಂಗಾರಿನ ಮೊದಲ ತಿಂಗಳುಗಳೂ ಒಣಗಿದವು. ಪೆಸಿಫಿಕ್ ಸಾಗರದಲ್ಲಿ ಆಗ ಬಹಳ ಜೋರಾದ ಎಲ್ ನಿನೊ ಇತ್ತು ಅಂತ ಈಗ ಗೊತ್ತಾಗಿದೆ. ಆಗಿನ ರೈತನಿಗೆ ಗೊತ್ತಿದ್ದದ್ದು ಹಗೇವಿನ ಜೋಳ ಮುಗಿಯುತ್ತಿದೆ ಅನ್ನೋದು ಮಾತ್ರ. 1877ರ ಸೆಪ್ಟೆಂಬರ್ ಹೊತ್ತಿಗೆ ಮಳೆ ಬಂತು. ಆದರೆ ಮಳೆಯ ಹಿಂದೆಯೇ ಜ್ವರ ಬಂತು. ಹಸಿವಿನಿಂದ ಬದುಕುಳಿದ ಮೈಗಳು ಜ್ವರಕ್ಕೆ ಬಿದ್ದವು.

ಸಂಖ್ಯೆಗಳನ್ನು ನೋಡಿ. ಬ್ರಿಟಿಷ್ ಇಂಡಿಯಾದಲ್ಲಿ ಸತ್ತವರು 50 ಲಕ್ಷಕ್ಕೂ ಹೆಚ್ಚು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ ಚಿಲ್ಲರೆ ಇದ್ದದ್ದು 1881ಕ್ಕೆ ಸುಮಾರು 42 ಲಕ್ಷ. ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ಆ ಹತ್ತು ವರ್ಷದಲ್ಲಿ ಸುಮಾರು ಐದರಲ್ಲಿ ಒಂದು ಭಾಗ ಜನ ಕಡಿಮೆಯಾದರು. 1877ರ ಜನವರಿ 1ರಂದು ದಿಲ್ಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿ ಅಂತ ಸಾರುವ ದರ್ಬಾರು ನಡೆದದ್ದು ಇದೇ ಬರದ ಮಧ್ಯೆ. ಅದೇ ತಿಂಗಳು ಇತ್ತ ಬಂದ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಒಂದಾಣೆಗೆ ಇಳಿಸಿದ. ಒಂದು ಪೌಂಡ್ ಅಂದರೆ ಅರ್ಧ ಕಿಲೋಕ್ಕೂ ಕಡಿಮೆ. ಅಷ್ಟು ತಿಂದು ದಿನವಿಡೀ ಕಲ್ಲು ಒಡೆಯಬೇಕು. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದ. ಈ ಜಗಳವೆಲ್ಲ ವಿಲಿಯಂ ಡಿಗ್ಬಿ 1878ರಲ್ಲಿ ಪ್ರಕಟಿಸಿದ ಎರಡು ಸಂಪುಟಗಳಲ್ಲಿ ವಿವರವಾಗಿದೆ.

ಈಗ ನಮ್ಮ ತಾಲೂಕುಗಳು. ಇವತ್ತಿನ ಕೊಪ್ಪಳ ಜಿಲ್ಲೆ ಆದದ್ದು 1997ರಲ್ಲಿ. ಆಗ ಇದೆಲ್ಲ ಮೊಗಲಾಯಿ, ಅಂದರೆ ನಿಜಾಮನ ಸೀಮೆ. ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗನ ಜಹಗೀರು. ಗಂಗಾವತಿ ಅಂದರೆ ಈಗ ಭತ್ತದ ಗದ್ದೆ ಕಣ್ಮುಂದೆ ಬರುತ್ತದೆ, ಆದರೆ ತುಂಗಭದ್ರಾ ಅಣೆಕಟ್ಟು ಮುಗಿದದ್ದು 1953ರಲ್ಲಿ. 1876ರಲ್ಲಿ ಆನೆಗೊಂದಿ ಕಡೆಯ ವಿಜಯನಗರದ ಕಾಲುವೆಗಳನ್ನು ಬಿಟ್ಟರೆ ಉಳಿದದ್ದೆಲ್ಲ ಮಳೆ ನಂಬಿದ ಜೋಳ, ಸಜ್ಜೆಯ ನೆಲ. ರೈಲು ಪೂರ್ವಕ್ಕೆ ಬಳ್ಳಾರಿಗೆ ಬಂದಿತ್ತು, ಈಶಾನ್ಯಕ್ಕೆ ರಾಯಚೂರಿಗೆ ಬಂದಿತ್ತು. ನಡುವೆ ಇರುವ ನಮಗೆ ಎತ್ತಿನ ಗಾಡಿಯೇ ಗತಿ. ಎತ್ತುಗಳೂ ಮೇವಿಲ್ಲದೆ ಸಾಯುತ್ತಿದ್ದವು ಅಂದಮೇಲೆ ಧಾನ್ಯ ಬರೋದು ಹೇಗೆ?

ಕ್ರೈಸ್ತರು? ನಕಾಶೆ ತೆಗೆದು ನೋಡಿದರೆ ನಮ್ಮ ಸೀಮೆಯ ಸುತ್ತ ನಾಲ್ಕು ಕಡೆ ಇದ್ದರು. ಕುಷ್ಟಗಿ ದಾಟಿದರೆ ಸಿಗುವ ಮುದಗಲ್ಲಿನಲ್ಲಿ ವಿಜಾಪುರದ ಆದಿಲ್‌ಶಾಹಿ ಕಾಲದಿಂದ ಬಂದ ಕ್ಯಾಥೊಲಿಕ್ ಸಮುದಾಯ. ಪಶ್ಚಿಮಕ್ಕೆ ಗದಗ-ಬೆಟಗೇರಿ, ವಾಯವ್ಯಕ್ಕೆ ಗುಳೇದಗುಡ್ಡ; ಎರಡೂ ಬಾಸೆಲ್ ಮಿಷನ್ನಿನ ಠಾಣೆಗಳು, ಮೊದಲನೆಯದು 1841ರದು, ಎರಡನೆಯದು 1851ರದು. ಪೂರ್ವಕ್ಕೆ ಬಳ್ಳಾರಿ, ಅಲ್ಲಿ 1810ರಿಂದ ಲಂಡನ್ ಮಿಷನ್. ಕನ್ನಡ ಬೈಬಲ್ಲಿನ ಮೊದಲ ಅನುವಾದ ಮಾಡಿದ ಜಾನ್ ಹ್ಯಾಂಡ್ಸ್ ಇದ್ದದ್ದು ಅಲ್ಲೇ. ಅಂದರೆ ಬರ ಬರುವ ಮೊದಲೇ ಇವರೆಲ್ಲ ಕ್ರೈಸ್ತರಾಗಿದ್ದರು. ಮುದಗಲ್ಲಿನವರು ಡೋಗಿ ಬರವನ್ನೂ ಕಂಡವರು. "ಬರದಾಗ ಹೋದವ್ರು" ಅನ್ನೋ ಮಾತು ಮೊದಲ ಹೆಜ್ಜೆಯಲ್ಲೇ ಎಡವುತ್ತದೆ.

ಇವರಿಗೆ ಬರ ಬೇರೆಯವರಿಗಿಂತ ಸುಲಭ ಆಯಿತೇ? ನನಗೆ ಹಾಗೆ ಅನ್ನಿಸೋದಿಲ್ಲ. ಬೆಟಗೇರಿ, ಗುಳೇದಗುಡ್ಡ ಎರಡೂ ನೇಕಾರರ ಊರು. ಗುಳೇದಗುಡ್ಡದ ಖಣ ಗೊತ್ತಲ್ಲ? ಬರದಲ್ಲಿ ರೈತನ ಹಗೇವಿನಲ್ಲಿ ನಾಲ್ಕು ಸೇರು ಕಾಳಾದರೂ ಇರಬಹುದು. ನೇಕಾರನ ಮನೆಯಲ್ಲಿ ಇರೋದು ಬಟ್ಟೆ. ಜೋಳದ ಬೆಲೆ ಏರಿದಾಗ ಸೀರೆ, ಖಣ ಕೊಳ್ಳುವವರು ಯಾರು? ಅಮರ್ತ್ಯ ಸೇನ್ 1981ರಲ್ಲಿ ಬಂದ ಬರಗಾಲದ ಕುರಿತ ಪುಸ್ತಕದಲ್ಲಿ ಹೇಳಿದ್ದು ಇದನ್ನೇ: ಊರಲ್ಲಿ ಕಾಳು ಇದೆಯೋ ಇಲ್ಲವೋ ಅನ್ನೋದಕ್ಕಿಂತ, ಕೊಳ್ಳುವ ಶಕ್ತಿ ಯಾರ ಕೈಯಲ್ಲಿ ಉಳಿದಿದೆ ಅನ್ನೋದು ಮುಖ್ಯ. ಕೈಕಸುಬಿನವರು ಮೊದಲು ಬೀಳುತ್ತಾರೆ. ಮದ್ರಾಸ್ ಪ್ರಾಂತದಲ್ಲಂತೂ ನೇಕಾರರಿಗೆ ನೂಲು ಕೊಟ್ಟು, ನೇಯ್ದ ಬಟ್ಟೆ ಕೊಳ್ಳುವ ಪರಿಹಾರವನ್ನು ಬೇರೆಯಾಗಿಯೇ ಮಾಡಬೇಕಾಯಿತು.

ಇನ್ನೊಂದು ಮಾತು. ಮತ ಬದಲಿಸಿದವನಿಗೆ ಪಿತ್ರಾರ್ಜಿತ ಆಸ್ತಿ ತಪ್ಪಬಾರದು ಅಂತ ಬ್ರಿಟಿಷ್ ಸೀಮೆಯಲ್ಲಿ 1850ರಲ್ಲೇ ಕಾನೂನು ಬಂದಿತ್ತು. ಆದರೆ ಅಣ್ಣತಮ್ಮಂದಿರ ಜೊತೆ ಉಣ್ಣೋದು, ಕೇರಿಯ ಬಾವಿ, ಮದುವೆಯ ನೆಂಟಸ್ತನ ಇವನ್ನು ಯಾವ ಕಾನೂನು ಕೊಡಿಸುತ್ತದೆ? ಬರದಲ್ಲಿ ಜನ ಬದುಕೋದು ಮುಖ್ಯವಾಗಿ ನೆಂಟರ ಬಲದ ಮೇಲೆ. ಇವರು ಆ ಬಲವನ್ನು ಮೊದಲೇ ಕಳೆದುಕೊಂಡಿದ್ದರು. ಬಾಸೆಲ್ ಮಿಷನ್ನಿನವರು ನೇಯ್ಗೆ, ಹಂಚಿನ ಕಾರ್ಖಾನೆ ಅಂತ ಶುರುಮಾಡಿದ್ದೂ ಇದೇ ಕಾರಣಕ್ಕೆ, ಜಾತಿಯಿಂದ ಹೊರಬಿದ್ದವರಿಗೆ ಕೂಲಿ ಬೇಕಿತ್ತು. ಮಿಷನ್ನಿನಿಂದ ನೆರವು ಸಿಕ್ಕಿದ್ದು ನಿಜ. ಲಂಡನ್ನಿನಲ್ಲಿ ಎತ್ತಿದ ಐದು ಲಕ್ಷ ಪೌಂಡಿಗೂ ಮೀರಿದ ಬರ ನಿಧಿಯನ್ನು ಹಂಚಿದ ಸಮಿತಿಗಳಲ್ಲಿ ಪಾದ್ರಿಗಳೂ ಇದ್ದರು. ಆದರೆ ಆ ಹಣ ಎಲ್ಲ ಮತದವರಿಗೂ ಸೇರಿದ್ದು.

ಹಾಗಾದರೆ ಗಂಜಿಗಾಗಿ ಬಂದವರೇ ಇರಲಿಲ್ಲವೇ? ಇದ್ದೇ ಇರುತ್ತಾರೆ. ಹಸಿದವನು ಅನ್ನ ಇದ್ದ ಕಡೆ ಹೋಗೋದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಆದರೆ ಬಂದವರನ್ನೆಲ್ಲ ಒಳಗೆ ಸೇರಿಸಿಕೊಂಡರೇ ಅನ್ನೋದು ಪ್ರಶ್ನೆ. ಬಾಸೆಲ್ ಮಿಷನ್ನು ಬಹಳ ಕಟ್ಟುನಿಟ್ಟು. ದೀಕ್ಷಾಸ್ನಾನಕ್ಕೆ ಮೊದಲು ಪಾಠ ಕಲಿಯಬೇಕು, ಆಮೇಲೂ ಸಭೆಯ ನಿಯಮ ಮುರಿದರೆ ಹೊರಗೆ. ಕುಡಿತ, ಭಾನುವಾರದ ದುಡಿಮೆ, ಹಳೇ ಜಾತಿಯ ಆಚಾರ ಎಲ್ಲದಕ್ಕೂ ವಿಚಾರಣೆ ಇತ್ತು.

ಇದಕ್ಕಿಂತ ದೊಡ್ಡ ಉದಾಹರಣೆ ನಮ್ಮ ಪೂರ್ವಕ್ಕೆ, ತೆಲುಗು ನಾಡಿನ ಒಂಗೋಲಿನಲ್ಲಿ ಇದೆ. ಅಲ್ಲಿ ಜಾನ್ ಕ್ಲಫ್ ಅನ್ನುವ ಅಮೇರಿಕದ ಬ್ಯಾಪ್ಟಿಸ್ಟ್ ಪಾದ್ರಿ ಇದೇ ಬರದಲ್ಲಿ ಬಕಿಂಗ್‌ಹ್ಯಾಮ್ ಕಾಲುವೆಯ ಮೂರೂವರೆ ಮೈಲಿ ತೋಡುವ ಗುತ್ತಿಗೆ ಹಿಡಿದು ಹಸಿದವರಿಗೆ ಕೂಲಿ ಕೊಟ್ಟ. ಆ ಜನ ದೀಕ್ಷೆ ಕೊಡಿ ಅಂತ ಕೇಳಿದರು. ಅವನು ಹದಿನೈದು ತಿಂಗಳು ಒಬ್ಬರಿಗೂ ಕೊಡಲಿಲ್ಲ, ಕೂಲಿಗಾಗಿ ಬಂದರು ಅನ್ನಿಸಬಾರದು ಅಂತ. ಕೂಲಿ, ಗಂಜಿ ಎಲ್ಲ ನಿಂತಿತು. ಆದರೂ ಜನ ಹೋಗಲಿಲ್ಲ. 1878ರ ಜುಲೈ 3ರಂದು ಗುಂಡ್ಲಕಮ್ಮ ಹೊಳೆಯಲ್ಲಿ ಒಂದೇ ದಿನ 2,222 ಜನ ದೀಕ್ಷಾಸ್ನಾನ ಪಡೆದರು. ಅವರಲ್ಲಿ ಬಹುಪಾಲು ಮಾದಿಗರು, ಮತ್ತು ಅವರ ನಡುವೆ ಈ ಚಳವಳಿ ಯರ್ರಗುಂಟ್ಲ ಪೇರಯ್ಯನಿಂದ ಶುರುವಾಗಿದ್ದು ಬರಕ್ಕೆ ಹತ್ತು ವರ್ಷ ಮೊದಲು.

ನಮ್ಮ ಕಡೆ ಅಂಥದ್ದೇನೂ ಆಗಲಿಲ್ಲ. ಅದೇ ಬರ, ಅದೇ ಹಸಿವು, ಇಲ್ಲೂ ಮಿಷನ್ನುಗಳು. ಆದರೂ ಬಾಸೆಲ್ ಸಭೆಗಳು ಬರದ ನಂತರವೂ ಸಣ್ಣವಾಗಿಯೇ ಉಳಿದವು. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಕ್ರೈಸ್ತರು ಶೇಕಡಾ 1.87, ಕೊಪ್ಪಳ ಜಿಲ್ಲೆಯಲ್ಲಂತೂ ಶೇಕಡಾ 1ಕ್ಕೂ ಕಡಿಮೆ. ಗಂಜಿಯಿಂದಲೇ ಮತ ಬದಲಾಗುವುದಾದರೆ, ಹಸಿವು ಅಷ್ಟು ಭೀಕರವಾಗಿದ್ದ ಈ ಸೀಮೆಯಲ್ಲಿ ಅವರು ಎಷ್ಟು ಜನ ಇರಬೇಕಿತ್ತು ಹೇಳಿ! ಇನ್‌ಪುಟ್ ಒಂದೇ ಇದ್ದು ಔಟ್‌ಪುಟ್ ಇಷ್ಟು ಬೇರೆ ಬಂದರೆ ನಾವು ಏನು ಮಾಡುತ್ತೇವೆ? ಫಾರ್ಮುಲಾ ತಪ್ಪು ಅನ್ನುತ್ತೇವೆ.

ಅನಾಥ ಮಕ್ಕಳ ವಿಷಯ ಮಾತ್ರ ಬೇರೆ, ಅದನ್ನು ಮುಚ್ಚಿಡೋದು ಸರಿಯಲ್ಲ. ಬರದಲ್ಲಿ ತಂದೆತಾಯಿ ಸತ್ತ ಮಕ್ಕಳನ್ನು ಎಲ್ಲ ಮಿಷನ್ನಿನವರೂ ಸೇರಿಸಿಕೊಂಡರು. ಮೈಸೂರು ಸೀಮೆಯಲ್ಲಿ ವೆಸ್ಲಿಯನ್ನರು ತುಮಕೂರಿನಲ್ಲಿ ಗಂಡುಮಕ್ಕಳಿಗೆ, ಹಾಸನದಲ್ಲಿ ಹೆಣ್ಣುಮಕ್ಕಳಿಗೆ ಅನಾಥಾಲಯ ತೆರೆದರು. ಕ್ಯಾಥೊಲಿಕ್ಕರು ನೆಲಮಂಗಲದ ಕಡೆ ಸಿಲುವೇಪುರದಲ್ಲಿ ಇಂಥ ಮಕ್ಕಳಿಗಾಗಿ ಬೇಸಾಯದ ನೆಲೆ ಮಾಡಿದರು. ಐದಾರು ವರ್ಷದ ಆ ಮಕ್ಕಳು ಮತವನ್ನು ಆರಿಸಿಕೊಂಡವರಲ್ಲ, ಗಂಜಿಯ ಜೊತೆಗೇ ಅದೂ ಬಂತು. ಅದು ಸರಿಯೇ ಅಂತ ಕೇಳುವ ಹಕ್ಕು ನಮಗಿದೆ. ಆದರೆ ಕೇಳುವ ಮುಂಚೆ ಆ ಮಕ್ಕಳನ್ನು ಬೇರೆ ಯಾರು ಕರೆದುಕೊಳ್ಳಲು ತಯಾರಿದ್ದರು ಅಂತಲೂ ಯೋಚಿಸಬೇಕು. ಅವರು ಬೆಳೆದು ದೊಡ್ಡವರಾದ ಮೇಲೆ ಚರ್ಚೇ ಅವರಿಗೆ ಬಳಗ ಆಯಿತು.

ಇನ್ನು ನಂಬಿಕೆಯನ್ನು ಹಿಡಿದುಕೊಳ್ಳೋದು ಕ್ರೈಸ್ತರದ್ದು ಮಾತ್ರ ಆಗಿರಲಿಲ್ಲ. ಸರ್ಕಾರದ ಗಂಜಿ ಕೇಂದ್ರಗಳಲ್ಲಿ ಬೇಯಿಸಿದವರು ಯಾರು ಅಂತ ಕೇಳಿ ಉಣ್ಣದೆ ಎದ್ದು ಹೋದವರಿದ್ದರು. ಅಂಥವರಿಗಾಗಿ ಬ್ರಾಹ್ಮಣ ಅಡಿಗೆಯವರನ್ನು ಇಡಬೇಕಾಯಿತು. ಆ ಆಚಾರ ನಮಗೆ ಇವತ್ತು ಒಪ್ಪಿಗೆ ಆಗಲಿಕ್ಕಿಲ್ಲ. ಆದರೆ ಹೊಟ್ಟೆ ಹಸಿದ ಮಾತ್ರಕ್ಕೆ ಮನುಷ್ಯ ತನ್ನದನ್ನೆಲ್ಲ ಬಿಟ್ಟುಬಿಡುತ್ತಾನೆ ಅನ್ನೋದು ಸುಳ್ಳು ಅಂತ ಅದೂ ತೋರಿಸುತ್ತದೆ.

ಒಂದು ಸಲ ಆ ಗೆಳೆಯನ ಜೊತೆ ಬೆಟಗೇರಿಗೆ ಹೋಗಿದ್ದೆ. ಸುಗ್ಗಿಯ ಆರಾಧನೆ ಇತ್ತು. ಜೋಳದ ತೆನೆ, ಉಳ್ಳಾಗಡ್ಡಿ, ಕುಂಬಳಕಾಯಿ, ಕೋಳಿ, ಕೈಮಗ್ಗದ ಒಂದು ಸೀರೆ.. ಜನ ತಂದು ಮುಂದಿಟ್ಟರು. ಆರಾಧನೆ ಮುಗಿದ ಮೇಲೆ ಎಲ್ಲ ಹರಾಜು. ಮನೆಗೆ ಬಂದು ಊಟಕ್ಕೆ ಕೂತಾಗ ಅವನ ಅಜ್ಜಿ ರೊಟ್ಟಿ ಬಡಿಯುತ್ತಾ ನಮ್ಮ ಹಾಸ್ಟೆಲ್ ಸುದ್ದಿ ಕೇಳಿದರು. ಅವನೇ ನಗುತ್ತಾ ಗಂಜಿಯ ಮಾತು ಹೇಳಿದ.

ಅಜ್ಜಿ ಕೈ ನಿಲ್ಲಿಸಲಿಲ್ಲ. "ಗಂಜಿ ಎಷ್ಟ ದಿನ ಕೊಟ್ರಪಾ? ಎರಡ ವರ್ಷ. ಆಮ್ಯಾಲೆ ಮಳಿ ಬಂತು, ಬೆಳಿ ಬಂತು. ಗಂಜಿಗೆ ಬಂದವ್ರು ಗಂಜಿ ಮುಗದ ಮ್ಯಾಲೆ ಯಾಕ ಕುಂತ್ರು? ಅದನ್ನ ಕೇಳು ನಿನ್ನ ಗೆಳ್ಯಾರಿಗೆ" ಅಂದರು. ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು.

ನಾನು ಇಷ್ಟೆಲ್ಲ ಓದಿ ಹಾಕಿದ ಲೆಕ್ಕದ ಉತ್ತರವೂ ಅದೇ. ಬರದ ಎರಡು ವರ್ಷವನ್ನಷ್ಟೇ ನೋಡಿದರೆ ಯಾರು ಯಾಕೆ ಬಂದರು ಅಂತ ಜಗಳ ಆಡಬಹುದು. ಅದರ ನಂತರದ ನೂರೈವತ್ತು ವರ್ಷ ನೋಡಿದರೆ ಜಗಳಕ್ಕೆ ಜಾಗ ಇಲ್ಲ. ನೆಂಟರನ್ನು ಕಳೆದುಕೊಂಡು, ಮಗ್ಗ ನಿಂತು, ಪ್ರಾರ್ಥನೆಯಲ್ಲಿ ದಿನದ ರೊಟ್ಟಿ ಕೇಳಿ ರೊಟ್ಟಿ ಸಿಗದ ದಿನವೂ ಮರುದಿನ ಮತ್ತೆ ಅದನ್ನೇ ಕೇಳಿದ ಜನ ಅವರು. ಬಿಟ್ಟು ಹೋಗಲು ಕಾರಣ ಬೇಕಾದಷ್ಟಿತ್ತು, ತಡೆಯುವವರೂ ಇರಲಿಲ್ಲ. ಆದರೂ ಉಳಿದರು. ನಾನು ಆ ಮತದವನಲ್ಲ, ಆದರೂ ಇದಕ್ಕೆ ಗಂಜಿ ಅನ್ನುವ ಹೆಸರು ನನಗೆ ಒಪ್ಪಿಗೆ ಆಗೋದಿಲ್ಲ.

ಕೊನೆಗೊಂದು ವಿಷಯ. ಈ ಬರದ ನಂತರ, ರೈಲಿಲ್ಲದ ಕಡೆ ಧಾನ್ಯ ತಲುಪಲಿಲ್ಲ ಅಂತ ಬುದ್ಧಿ ಬಂದು 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಶುರುವಾಯಿತು. ಗದಗ, ಕೊಪ್ಪಳ, ಹೊಸಪೇಟೆ ಹಾದು ಹೋಗುವ ನಮ್ಮ ರೈಲು ಹಳಿ ಆ ಕಂಪನಿ ಹಾಕಿದ್ದು. ಮುಂದಿನ ಸಲ ಆ ದಾರಿಯಲ್ಲಿ ಹೋಗುವಾಗ ನೆನಪಿಸಿಕೊಳ್ಳಿ.

ನಿಮ್ಮ ಮನೆಗಳಲ್ಲಿ ಧಾತು ಬರದ ಬಗ್ಗೆ ಹಿರಿಯರು ಏನಾದರೂ ಹೇಳಿದ್ದು ನೆನಪಿದ್ದರೆ, ಯಾವ ಮತದವರಾದರೂ ಸರಿ, ದಯವಿಟ್ಟು ಬರೆಯಿರಿ. ಅಜ್ಜ-ಅಜ್ಜಿಯರು ಇರುವಾಗಲೇ ಕೇಳಿಟ್ಟುಕೊಳ್ಳಬೇಕಾದ ಮಾತುಗಳು ಇವು.