ಒಂದೇ ಈಡು

ಪಾಲಹಳ್ಳಿಯೆಂದರೆ ಸಕ್ಕರೆಯ ನೆನಪು. ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ 1847ರಲ್ಲಿ ತಲೆಯೆತ್ತಿದ್ದು ಅಲ್ಲಿಯೇ. ಆದರೆ ಕಬ್ಬೆಂದರೆ ಕಾಡುಹಂದಿಗೂ ಪ್ರೀತಿ. ಹಿಂಡು ಒಂದು ರಾತ್ರಿ ಗದ್ದೆಗೆ ನುಗ್ಗಿದರೆ ತಿಂದದ್ದಕ್ಕಿಂತ ಕೆಡವಿದ್ದೇ ಹೆಚ್ಚು. ರೈತನ ಸಾಲ ತೀರುವ ದಾರಿ ಅಲ್ಲಿಗೆ ಮುಚ್ಚಿತು.

ಈ ಕಾಟಕ್ಕೆ ಕೊಡಗು, ಮಲೆನಾಡುಗಳವರು ನೆಚ್ಚಿದ್ದು ಕೇಪಿನ ಕೋವಿಯನ್ನು. ನಳಿಗೆಯ ಬಾಯಿಂದ ಮದ್ದು ಸುರಿದು, ನಾರು ತುರುಕಿ, ಗಜದಿಂದ ಜಡಿದು, ಗುಂಡು ಇಳಿಸಿ, ಮತ್ತೆ ನಾರು ಜಡಿದು ಕೇಪು ಕೂರಿಸಿದರೆ ಒಂದು ಈಡು ಸಿದ್ಧ. ಮದ್ದು ನೆನೆದರೆ ಅದೂ ಇಲ್ಲ. ಗಾಯಗೊಂಡ ಒಂಟಿಗನಾದರೋ ಎರಡನೆಯ ಈಡಿಗೆ ಕಾಯುವ ಪ್ರಾಣಿಯಲ್ಲ. ಕೋರೆಯಿಂದ ತೊಡೆ ಸೀಳಿಬಿಡುತ್ತದೆ. ಹಾಗಾಗಿ ಕೋವಿ ಬಂದರೂ ಹಂದಿಯನ್ನು ತಡೆದು ನಿಲ್ಲಿಸುವ ಕೆಲಸ ನಾಯಿಗೆ ತಪ್ಪಲಿಲ್ಲ. ಹೊಗಳಿಕೆ ಮಾತ್ರ ಕೋವಿಯವನಿಗೆ! 1972ರ ವನ್ಯಜೀವಿ ಕಾಯಿದೆಯ ತರುವಾಯ ಅಪ್ಪಣೆಯಿಲ್ಲದೆ ಹಂದಿ ಹೊಡೆಯುವುದು ಅಪರಾಧ.

ಹಳಬರು ನಾಯಿಯನ್ನು ಮರೆತಿರಲಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ನನಗೆ ಮೆಚ್ಚಿಗೆಯಾದದ್ದು ಇದಕ್ಕಾಗಿಯೇ. 949ರ ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯ ಮಡಿದುದನ್ನು ಹೇಳುವ ಆ ಕಲ್ಲೇ ಕಾಳಿಯೆಂಬ ನಾಯಿಯ ಕಥೆಯನ್ನೂ ಹೇಳುತ್ತದೆ. ಗಂಗರ ಬೂತುಗನು ಮೆಚ್ಚಿ ವರ ಕೇಳೆಂದಾಗ ಮಣಲೇರನು ಬೇಡಿದ್ದು ಈ ನಾಯಿಯನ್ನು. ಅದನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು; ಎರಡೂ ಜೊತೆಯಲ್ಲೇ ಸತ್ತವು. ಕಲ್ಲು ನೆಟ್ಟರು, ಭೂಮಿ ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ ನಾಯಿ ಮಾಡಿದ ಪಾಪ ತಟ್ಟಲಿ ಎಂದೂ ಬರೆಯಿಸಿದರು.