ಮೊದಲ ಹೊಡೆತ ಯಾರದು? ಪೂಲ್ ಆಟದ ಬ್ರೇಕ್ ಎಣಿಸಿದವರ ಕತೆ

ಕೇರಂ ಆಡಿದವರಿಗೆಲ್ಲ ಒಂದು ಜಗಳ ಗೊತ್ತು. ಬೋರ್ಡಿಗೆ ಪೌಡರ್ ಉದುರಿಸಿ, ಕಾಯಿ ಜೋಡಿಸಿ, ನಡುವೆ ಕೆಂಪು ಇಟ್ಟ ಕೂಡಲೇ ಅದು ಶುರು. ಮೊದಲ ಹೊಡೆತ ಯಾರದು? ಹಿಂದಿನ ಆಟ ಗೆದ್ದವರದು ಎಂದು ಒಬ್ಬರು, ಇಲ್ಲ, ಸರದಿ ಪ್ರಕಾರ ಎಂದು ಇನ್ನೊಬ್ಬರು. ಗಣೇಶನ ಹಬ್ಬದ ಪಂದ್ಯಾವಳಿಗಳಿಗೆ ವರದಿ ಮಾಡಲು ಹೋದಾಗ ನಾವು ಈ ಜಗಳವನ್ನು ಎಷ್ಟೋ ಸಲ ಕೇಳಿದ್ದೇವೆ. ಆದರೆ ಮೊದಲು ಹೊಡೆದವರು ನಿಜವಾಗಿ ಎಷ್ಟು ಸಲ ಗೆದ್ದರು ಎಂದು ಒಂದು ಹಾಳೆಯಲ್ಲಿ ಗೀಟು ಹಾಕಿ ಬರೆದಿಟ್ಟವರನ್ನು ಇವತ್ತಿನವರೆಗೆ ಕಂಡಿಲ್ಲ.

ಇದೇ ಜಗಳ ಅಮೆರಿಕದ ಪೂಲ್ ಆಟದಲ್ಲೂ ಇದೆ. ಅಲ್ಲಿ ಲಕ್ಷಾಂತರ ಡಾಲರ್ ಬಹುಮಾನ ಇರುವ ಪಂದ್ಯಗಳಲ್ಲೂ ಮೊದಲ ಹೊಡೆತದ ಮಾತು ಮುಗಿದಿಲ್ಲ. ಒಂದೇ ವ್ಯತ್ಯಾಸ ಎಂದರೆ, ಅಲ್ಲಿ ಕೆಲವರು ಪಟ್ಟು ಹಿಡಿದು ಕೂತು ಎಣಿಸಿದರು.

ಪೂಲ್ ಎಂದರೇನು ಎಂದು ಮೊದಲು ಹೇಳಿಬಿಡೋಣ. ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ ವಿಶ್ವ ಚಾಂಪಿಯನ್ ಆದ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಇವೆಯಲ್ಲ, ಅವುಗಳ ದಾಯಾದಿ ಆಟ ಇದು. ಹಸಿರು ಅಥವಾ ನೀಲಿ ಬಟ್ಟೆ ಹೊದಿಸಿದ ಮೇಜು, ಆರು ಪಾಕೆಟ್, ಕೈಯಲ್ಲಿ ಉದ್ದನೆಯ ಕೋಲು. ದೊಡ್ಡ ಪಂದ್ಯಗಳ ಮೇಜಿನಲ್ಲಿ ಆಡುವ ಜಾಗ ಸುಮಾರು 254 ಸೆಂಟಿಮೀಟರ್ ಉದ್ದ, 127 ಸೆಂಟಿಮೀಟರ್ ಅಗಲ. ಕೋಲಿನಿಂದ ಬಿಳಿ ಚೆಂಡನ್ನು ಹೊಡೆಯಬೇಕು, ಬಿಳಿ ಚೆಂಡು ಹೋಗಿ ಬಣ್ಣದ ಚೆಂಡನ್ನು ಪಾಕೆಟ್ಟಿಗೆ ತಳ್ಳಬೇಕು. ಕೇರಂನ ಸ್ಟ್ರೈಕರ್ ಮಾಡುವ ಕೆಲಸವನ್ನು ಇಲ್ಲಿ ಬಿಳಿ ಚೆಂಡು ಮಾಡುತ್ತದೆ. ಜೋಡಿಸಿಟ್ಟ ಚೆಂಡಿನ ಗುಂಪಿಗೆ ರ್ಯಾಕ್ ಎನ್ನುತ್ತಾರೆ. ಒಂದು ಸುತ್ತಿನ ಆಟಕ್ಕೂ ಅದೇ ಹೆಸರು. ಆ ಗುಂಪನ್ನು ಒಡೆಯುವ ಮೊದಲ ಹೊಡೆತವೇ ಬ್ರೇಕ್.

ಬ್ರೇಕ್ ಯಾರಿಗೂ ಬೇಡವಾಗಿದ್ದ ಕಾಲ

ಕಳೆದ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ದೊಡ್ಡ ಪಂದ್ಯಗಳೆಲ್ಲ ನಡೆಯುತ್ತಿದ್ದದ್ದು ಸ್ಟ್ರೇಟ್ ಪೂಲ್ ಎಂಬ ಆಟದಲ್ಲಿ. ಅದರಲ್ಲಿ 15 ಚೆಂಡು. ಯಾವ ಚೆಂಡು ಯಾವ ಪಾಕೆಟ್ಟಿಗೆ ಎಂದು ಮೊದಲೇ ಹೇಳಿ ಹಾಕಬೇಕು. ಹಾಕಿದ ಒಂದೊಂದು ಚೆಂಡಿಗೂ ಒಂದು ಅಂಕ. ತಪ್ಪುವವರೆಗೂ ನಿಮ್ಮದೇ ಆಟ, ಎದುರಾಳಿ ಕುರ್ಚಿಯ ಮೇಲೆ ಕೂತು ನೋಡುತ್ತಿರಬೇಕು.

ಈ ಆಟದಲ್ಲಿ ಬ್ರೇಕ್ ಒಂದು ಶಿಕ್ಷೆ ಇದ್ದಂತೆ. ಗುಂಪನ್ನು ಜೋರಾಗಿ ಒಡೆದರೆ ಹೇಳಿದ ಚೆಂಡು ಹೇಳಿದ ಪಾಕೆಟ್ಟಿಗೆ ಬೀಳುವ ಭರವಸೆ ಇಲ್ಲ, ಚದುರಿದ ಚೆಂಡೆಲ್ಲ ಎದುರಾಳಿಗೆ ಊಟ ಬಡಿಸಿಟ್ಟ ಎಲೆ. ಹಾಗಾಗಿ ಗುಂಪಿನ ಅಂಚನ್ನು ಮೆಲ್ಲಗೆ ಸವರಿ, ಎರಡು ಚೆಂಡು ಮೇಜಿನ ಅಂಚಿಗೆ ತಾಗುವಂತೆ ಮಾಡಿ, ಬಿಳಿ ಚೆಂಡನ್ನು ದೂರ ತಂದು ನಿಲ್ಲಿಸುತ್ತಿದ್ದರು. ಅಷ್ಟೂ ಆಗದಿದ್ದರೆ 2 ಅಂಕ ಕಡಿತ. ಯಾರು ಮೊದಲು ಎಂದು ತೀರ್ಮಾನಿಸುವ ಹೊಡೆತದಲ್ಲಿ ಗೆದ್ದವರು ಸಾಮಾನ್ಯವಾಗಿ 'ನೀವೇ ಒಡೆಯಿರಿ' ಎಂದು ಎದುರಾಳಿಗೆ ಬಿಟ್ಟುಕೊಡುತ್ತಿದ್ದರು. ಅದು ಮರ್ಯಾದೆಯಲ್ಲ, ಲೆಕ್ಕಾಚಾರ.

ಒಮ್ಮೆ ದಾರಿ ಸಿಕ್ಕರೆ ಏನಾಗುತ್ತಿತ್ತು ಎನ್ನುವುದಕ್ಕೆ ಎರಡು ಉದಾಹರಣೆ ಸಾಕು. 1954ರಲ್ಲಿ ಒಹಾಯೊ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ನಡೆದ ಪ್ರದರ್ಶನ ಆಟವೊಂದರಲ್ಲಿ ವಿಲ್ಲಿ ಮೋಸ್ಕೋನಿ ತಪ್ಪದೆ 526 ಚೆಂಡು ಹಾಕಿದರು. 1966ರ ಯು.ಎಸ್. ಓಪನ್ ಫೈನಲ್‌ನಲ್ಲಿ ಇರ್ವಿಂಗ್ ಕ್ರೇನ್ ಗೆಲ್ಲಲು ಬೇಕಿದ್ದ 150 ಅಂಕವನ್ನೂ ಒಂದೇ ಸರದಿಯಲ್ಲಿ ಮುಗಿಸಿದರು. ಎದುರಾಳಿ ಜೋ ಬಾಲ್ಸಿಸ್ ಕುರ್ಚಿಯಲ್ಲಿ ಕೂತೇ ಫೈನಲ್ ಸೋತರು.

ಒಂಬತ್ತು ಚೆಂಡು ಬಂದಮೇಲೆ ಎಲ್ಲ ತಿರುವುಮುರುವು

ಮುಂದೆ ಟಿ.ವಿ. ಬಂತು. ಗಂಟೆಗಟ್ಟಲೆ ಸಾಗುವ ಸ್ಟ್ರೇಟ್ ಪೂಲ್ ಟಿ.ವಿ.ಗೆ ಒಗ್ಗಲಿಲ್ಲ. ಬೇಗ ಮುಗಿಯುವ ನೈನ್ ಬಾಲ್ ಮುಂದೆ ಬಂತು. 1986ರ 'ದಿ ಕಲರ್ ಆಫ್ ಮನಿ' ಸಿನಿಮಾ ಅದನ್ನು ಊರೂರಿಗೆ ತಲುಪಿಸಿತು. 1990ರಲ್ಲಿ ಜರ್ಮನಿಯ ಬರ್ಗ್‌ಹೈಮ್‌ನಲ್ಲಿ ಮೊದಲ ವಿಶ್ವ ನೈನ್ ಬಾಲ್ ಚಾಂಪಿಯನ್‌ಶಿಪ್ ನಡೆದಾಗ ಪುರುಷರ ವಿಭಾಗದಲ್ಲಿ ಗೆದ್ದವರು ಅಮೆರಿಕದ ಅರ್ಲ್ ಸ್ಟ್ರಿಕ್‌ಲ್ಯಾಂಡ್.

ನೈನ್ ಬಾಲ್‌ನಲ್ಲಿ 1ರಿಂದ 9ರವರೆಗಿನ ಚೆಂಡುಗಳನ್ನು ಇಸ್ಪೀಟಿನ ಡೈಮಂಡ್ ಆಕಾರದಲ್ಲಿ ಜೋಡಿಸುತ್ತಾರೆ. ತುದಿಯಲ್ಲಿ 1, ನಡುವೆ 9. ಮೇಜಿನ ಮೇಲಿರುವ ಅತಿ ಚಿಕ್ಕ ಸಂಖ್ಯೆಯ ಚೆಂಡಿಗೇ ಮೊದಲು ತಾಗಿಸಬೇಕು. 9 ಯಾವಾಗ ನಿಯಮಬದ್ಧವಾಗಿ ಬಿತ್ತೋ ಆಗ ರ್ಯಾಕ್ ಮುಗಿಯಿತು, ಬ್ರೇಕ್‌ನಲ್ಲೇ ಬಿದ್ದರೂ ಗೆಲುವೇ. ಇಲ್ಲಿ ಯಾವ ಚೆಂಡು ಎಲ್ಲಿಗೆ ಎಂದು ಹೇಳಬೇಕಾಗಿಲ್ಲ. ಬ್ರೇಕ್‌ನಲ್ಲಿ ಏನೋ ಒಂದು ಬಿದ್ದರೆ ಆಟ ಮುಂದುವರಿಯುತ್ತದೆ.

ಈಗ ಬ್ರೇಕ್ ಎಲ್ಲರಿಗೂ ಬೇಕಾಯಿತು. ಮೈಯೆಲ್ಲ ಬಲ ಹಾಕಿ ಹೊಡೆಯುವುದೇ ಶೈಲಿಯಾಯಿತು. ಒಳ್ಳೆಯ ಆಟಗಾರ ಹೊಡೆದ ಬಿಳಿ ಚೆಂಡು ಗಂಟೆಗೆ 40 ಕಿಲೋಮೀಟರ್ ವೇಗ ಮುಟ್ಟುತ್ತದೆ, ಇನ್ನೂ ಜೋರಾಗಿ ಹೊಡೆಯುವವರೂ ಇದ್ದಾರೆ. ಜೋರಾಗಿ ಹೊಡೆದಷ್ಟೂ ಒಳ್ಳೆಯದು ಎಂಬುದು ಕೇಳುವುದೇ ಬೇಡ ಎನ್ನುವಂಥ ಮಾತಾಗಿಬಿಟ್ಟಿತು.

ಪುಸ್ತಕ ಹಿಡಿದು ಕೂತವರು

1980ರ ದಶಕದಲ್ಲಿ ಪ್ಯಾಟ್ ಫ್ಲೆಮಿಂಗ್ ಎಂಬ ವೃತ್ತಿಪರ ಆಟಗಾರ ಅಕ್ಯು-ಸ್ಟ್ಯಾಟ್ಸ್ ಎಂಬ ಸಂಸ್ಥೆ ಶುರು ಮಾಡಿದರು. ಕ್ರಿಕೆಟ್ಟಿಗೆ ಸ್ಕೋರರ್ ಇದ್ದಂತೆ ಪೂಲ್‌ಗೂ ಒಂದು ಲೆಕ್ಕ ಬೇಕು ಎಂಬುದು ಅವರ ಹಟ. ಆಟಗಾರ ಹಾಕಿದ ಚೆಂಡು ಎಷ್ಟು, ಮಾಡಿದ ತಪ್ಪು ಎಷ್ಟು ಎಂದು ಬರೆದುಕೊಂಡು, ಹಾಕಿದ ಚೆಂಡನ್ನು ಚೆಂಡು ಮತ್ತು ತಪ್ಪುಗಳ ಮೊತ್ತದಿಂದ ಭಾಗಿಸುವುದು ಅವರ ಸೂತ್ರ. 90 ಚೆಂಡು, 10 ತಪ್ಪು ಆದರೆ 0.900. ಒಂದೂ ತಪ್ಪಿಲ್ಲದಿದ್ದರೆ 1.000. ಯಾರು ಚೆನ್ನಾಗಿ ಆಡಿದರು ಎಂಬ ಹರಟೆಗೆ ಒಂದು ಅಳತೆಗೋಲು ಸಿಕ್ಕಿತು.

ಅದಕ್ಕಿಂತ ದೊಡ್ಡ ಕೆಲಸ ಅವರ ವಿಡಿಯೊ ದಾಖಲೆ. ಪಂದ್ಯಗಳನ್ನು ಪೂರ್ತಿ ಚಿತ್ರೀಕರಿಸಿ ಮಾರಿದ್ದರಿಂದ ಮನೆಯಲ್ಲಿ ಕೂತವರೂ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ ಎಣಿಸಬಹುದಾಯಿತು. ಬ್ರೇಕ್‌ನ ಲೆಕ್ಕ ಬರೆಯುವವರು ಪ್ರತಿ ರ್ಯಾಕ್‌ಗೂ ಕೇಳುವುದು ನಾಲ್ಕೇ ಪ್ರಶ್ನೆ. ಬ್ರೇಕ್‌ನಲ್ಲಿ ಚೆಂಡು ಬಿತ್ತೇ? ಬಿಳಿ ಚೆಂಡೇ ಪಾಕೆಟ್ಟಿಗೆ ಬಿದ್ದು ತಪ್ಪಾಯಿತೇ? ಒಡೆದವರು ಎದುರಾಳಿಗೆ ಸರದಿ ಕೊಡದೆ ರ್ಯಾಕ್ ಮುಗಿಸಿದರೇ? ಕೊನೆಗೆ ಆ ರ್ಯಾಕ್ ಗೆದ್ದವರು ಯಾರು?

ಈ ನಾಲ್ಕನ್ನು ಬೇರೆ ಬೇರೆ ಬರೆಯುವುದರಲ್ಲೇ ಗುಟ್ಟಿದೆ. ಬ್ರೇಕ್‌ನಲ್ಲಿ ಚೆಂಡು ಬಿದ್ದ ಕೂಡಲೇ ಜನ ಚಪ್ಪಾಳೆ ತಟ್ಟುತ್ತಾರೆ. ಆದರೆ ಚೆಂಡು ಬಿದ್ದೂ 1ನೇ ಚೆಂಡು ಬೇರೆ ಚೆಂಡಿನ ಹಿಂದೆ ಅಡಗಿ ಕೂತರೆ ಆ ಬ್ರೇಕ್‌ನಿಂದ ಹೆಚ್ಚು ಲಾಭವಿಲ್ಲ. ಚೆಂಡು ಬೀಳುವುದು, ರ್ಯಾಕ್ ಮುಗಿಸುವುದು, ರ್ಯಾಕ್ ಗೆಲ್ಲುವುದು ಇವು ಮೂರೂ ಬೇರೆ. ಮಳೆ ಎಷ್ಟು ಮಿಲಿಮೀಟರ್ ಬಿತ್ತು ಎಂಬುದಕ್ಕೂ ಬೆಳೆ ಎಷ್ಟು ಕ್ವಿಂಟಲ್ ಬಂತು ಎಂಬುದಕ್ಕೂ ಇರುವಷ್ಟೇ ದೂರ.

ಡಲ್ಲಾಸ್‌ನ ಹತ್ತು ಲಕ್ಷ ಡಾಲರ್

1996ರಲ್ಲಿ ಟೆಕ್ಸಸ್ ರಾಜ್ಯದ ಡಲ್ಲಾಸ್‌ನ ಪಂದ್ಯಾವಳಿಯೊಂದರಲ್ಲಿ ಆಯೋಜಕರು ಒಂದು ಸವಾಲು ಹಾಕಿದರು. ಸತತ 10 ರ್ಯಾಕ್ ಎದುರಾಳಿಗೆ ಸರದಿ ಕೊಡದೆ ಮುಗಿಸಿದವರಿಗೆ 10 ಲಕ್ಷ ಡಾಲರ್. ದುಡ್ಡಿನ ಹೊಣೆಗೆ ವಿಮೆ ಮಾಡಿಸಲಾಗಿತ್ತು. ಸ್ಟ್ರಿಕ್‌ಲ್ಯಾಂಡ್ 10 ಅಲ್ಲ, 11 ರ್ಯಾಕ್ ಮುಗಿಸಿಬಿಟ್ಟರು. ದುಡ್ಡು ಕೊಡುವ ಹೊತ್ತಿಗೆ ವಿಮೆಯ ಕಡೆಯಿಂದ ತಕರಾರು ಬಂತು, ವಿಷಯ ಕೋರ್ಟಿನ ಮೆಟ್ಟಿಲೇರಿ ಕೊನೆಗೆ ರಾಜಿಯಲ್ಲಿ ಮುಗಿಯಿತು.

ಇಂಥ ಸವಾಲಿನ ಬೆಲೆ ಕಟ್ಟುವುದು ಹೇಗೆ? ಒಬ್ಬ ಆಟಗಾರ ನಾಲ್ಕು ಬ್ರೇಕ್‌ಗೆ ಒಂದು ಸಲ ರ್ಯಾಕ್ ಮುಗಿಸುತ್ತಾನೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಸತತ 10 ಸಲ ಮುಗಿಸುವ ಸಾಧ್ಯತೆ 10,48,576ರಲ್ಲಿ ಒಂದು. ಮೂರಕ್ಕೆ ಒಂದು ಎಂದರೆ 59,049ರಲ್ಲಿ ಒಂದು. ಎರಡಕ್ಕೆ ಒಂದು ಎಂದರೆ ಬರೀ 1,024ರಲ್ಲಿ ಒಂದು. ನಾಲ್ಕರಿಂದ ಎರಡಕ್ಕೆ ಇಳಿದದ್ದು ನೋಡಲು ಸಣ್ಣ ಬದಲಾವಣೆ. ಆದರೆ ಹತ್ತು ಸಲ ಗುಣಿಸಿದ ಮೇಲೆ ಆಕಾಶ ಭೂಮಿಯ ಅಂತರ. ಬ್ರೇಕ್‌ನ ಲೆಕ್ಕ ಗೊತ್ತಿಲ್ಲದೆ ಇಂಥ ಪಂಥ ಕಟ್ಟುವುದು ತೂಕ ನೋಡದೆ ಹತ್ತಿ ಮಾರಿದಂತೆ.

ಮೆಲ್ಲಗೆ ಹೊಡೆದು ಗೆದ್ದ ವರ್ಷ

2001ರ ಯು.ಎಸ್. ಓಪನ್ ನೈನ್ ಬಾಲ್ ಫೈನಲ್. ಒಂದು ಕಡೆ ಅಮೆರಿಕದ ಕೋರಿ ಡ್ಯುಯಲ್, ಇನ್ನೊಂದು ಕಡೆ ಅದೇ ವರ್ಷ ವಿಶ್ವ ಚಾಂಪಿಯನ್ ಆಗಿದ್ದ ಫಿನ್‌ಲ್ಯಾಂಡಿನ ಮಿಕಾ ಇಮ್ಮೊನೆನ್. ಡ್ಯುಯಲ್ 11-0 ಅಂತರದಲ್ಲಿ ಗೆದ್ದರು.

ಜನರನ್ನು ಬೆರಗುಗೊಳಿಸಿದ್ದು ಅಂಕಕ್ಕಿಂತ ಹೆಚ್ಚಾಗಿ ಅವರ ಬ್ರೇಕ್. ಎಲ್ಲರೂ ಸಿಡಿಲಿನಂತೆ ಹೊಡೆಯುವಾಗ ಇವರು ಮೆಲ್ಲಗೆ ಹೊಡೆದರು. ಚೆಂಡುಗಳ ನಡುವೆ ಕೂದಲೆಳೆ ಜಾಗವೂ ಇಲ್ಲದಂತೆ ಜೋಡಿಸಿದರೆ, ಡೈಮಂಡ್‌ನ ಎರಡು ಪಕ್ಕದ ಮೂಲೆಯ ಚೆಂಡುಗಳು ಹೆಚ್ಚು ಕಡಿಮೆ ಒಂದೇ ದಾರಿ ಹಿಡಿದು ಮೇಜಿನ ಮೂಲೆಯ ಪಾಕೆಟ್ ಕಡೆಗೆ ಹೋಗುತ್ತವೆ. ಒತ್ತಾಗಿ ಜೋಡಿಸುವ ಹೊಸ ಸಾಧನಗಳು ಆ ಹೊತ್ತಿಗೆ ಬಂದಿದ್ದವು. ಮೂಲೆಯ ಚೆಂಡು ಹೇಗೂ ಬೀಳುವುದಾದರೆ ಬಲ ಯಾಕೆ? ಮೆಲ್ಲಗೆ ಹೊಡೆದರೆ 1ನೇ ಚೆಂಡು, ಬಿಳಿ ಚೆಂಡು ಎಲ್ಲಿ ನಿಲ್ಲುತ್ತವೆ ಎಂಬುದೂ ಕೈಯಲ್ಲಿರುತ್ತದೆ.

11-0ಕ್ಕೆ ಬ್ರೇಕ್ ಒಂದೇ ಕಾರಣ ಎಂದರೆ ಡ್ಯುಯಲ್ ಅವರ ಉಳಿದ ಆಟಕ್ಕೆ ಅನ್ಯಾಯ. ಆದರೆ ಬಲದ ಮೇಲಿದ್ದ ನಂಬಿಕೆ ಅಲ್ಲಿಂದ ಅಲುಗಾಡಿತು. ಜೊತೆಗೇ ದೂರು ಎದ್ದಿತು. ಒಂದು ಚೆಂಡು ಬೀಳುವುದು ಖಾತ್ರಿ ಎಂದಮೇಲೆ ಇದು ಆಟವೋ, ಜೋಡಣೆಯ ಕರಾಮತ್ತೋ? ಕುರ್ಚಿಯಲ್ಲಿ ಕೂತವರ ಗತಿ ಏನು?

ನಿಯಮ ಬೆನ್ನತ್ತಿತು

ಆಮೇಲಿನ ಇತಿಹಾಸ ಎಂದರೆ ಆಟಗಾರರು ದಾರಿ ಹುಡುಕುವುದು, ನಿಯಮ ಆ ದಾರಿಗೆ ಬೇಲಿ ಹಾಕುವುದು. ಮೆಲ್ಲನೆಯ ಬ್ರೇಕ್ ತಡೆಯಲು ಹಲವು ಪಂದ್ಯಾವಳಿಗಳು ಮೂರು ಚೆಂಡಿನ ನಿಯಮ ತಂದವು. ಕನಿಷ್ಠ ಮೂರು ಚೆಂಡು ಪಾಕೆಟ್ಟಿಗೆ ಬೀಳಬೇಕು, ಇಲ್ಲವೇ ಮೇಜಿನ ಆ ತುದಿಯಿಂದ ಈ ತುದಿಯ ಗೆರೆ ದಾಟಿ ಬರಬೇಕು. ಬಿಳಿ ಚೆಂಡನ್ನು ಅಂಚಿಗೆ ಇಟ್ಟು ಹೊಡೆಯದಂತೆ ನಡುವೆ ಒಂದು ಚೌಕ ಗುರುತಿಸಿದರು. 1ರ ಬದಲು 9ನೇ ಚೆಂಡನ್ನು ಮೇಜಿನ ಚುಕ್ಕೆಯ ಮೇಲೆ ಇಟ್ಟು ಇಡೀ ಗುಂಪನ್ನೇ ಮುಂದಕ್ಕೆ ಸರಿಸಿದರು. ಗುಂಪು ಸರಿದ ಕೂಡಲೇ ಪಕ್ಕದ ಚೆಂಡಿನ ದಾರಿಯೂ ಸರಿಯಿತು, ಮೂಲೆಯ ಪಾಕೆಟ್ ತಪ್ಪಿತು. ಆಟಗಾರರು ಸುಮ್ಮನಿರಲಿಲ್ಲ, 1ನೇ ಚೆಂಡನ್ನೇ ನಡುವಿನ ಪಾಕೆಟ್ಟಿಗೆ ಹಾಕುವುದನ್ನು ರೂಢಿ ಮಾಡಿಕೊಂಡರು.

ನೈನ್ ಬಾಲ್ ಬ್ರೇಕ್ ತೀರಾ ಸುಲಭವಾಯಿತು ಎಂದವರು ಹತ್ತು ಚೆಂಡಿನ ಟೆನ್ ಬಾಲ್ ಕಡೆ ಹೊರಳಿದರು. 2008ರಲ್ಲಿ ಫಿಲಿಪ್ಪೀನ್ಸ್‌ನ ಮನಿಲಾದಲ್ಲಿ ಅದರ ವಿಶ್ವ ಚಾಂಪಿಯನ್‌ಶಿಪ್ ನಡೆದು ಇಂಗ್ಲೆಂಡಿನ ಡ್ಯಾರನ್ ಆಪಲ್‌ಟನ್ ಗೆದ್ದರು.

ಗೆದ್ದವರಿಗೋ, ಸರದಿಗೋ?

ಈಗ ನಮ್ಮ ಕೇರಂ ಜಗಳಕ್ಕೆ ಬರೋಣ. ಪೂಲ್‌ನಲ್ಲೂ ಎರಡು ಪದ್ಧತಿ ಇವೆ. ಒಂದರಲ್ಲಿ ರ್ಯಾಕ್ ಗೆದ್ದವರೇ ಮತ್ತೆ ಬ್ರೇಕ್ ಮಾಡುತ್ತಾರೆ, ಇನ್ನೊಂದರಲ್ಲಿ ಸರದಿ. ಗೆದ್ದವರಿಗೇ ಬ್ರೇಕ್ ಕೊಟ್ಟರೆ ಸೋತವರಿಗೆ ಅನ್ಯಾಯ ಎಂದು ಯಾರಿಗಾದರೂ ಅನ್ನಿಸುತ್ತದೆ. ನಮಗೂ ಹಾಗೇ ಅನ್ನಿಸಿತ್ತು. ಲೆಕ್ಕ ಮಾಡಿ ನೋಡಿದೆವು. ನೀವೂ ಮೊಬೈಲ್ ಕ್ಯಾಲ್ಕುಲೇಟರ್ ತೆಗೆದು ಮಾಡಿ ನೋಡಿ.

ಸಮಬಲದ ಇಬ್ಬರು. ಬ್ರೇಕ್ ಮಾಡಿದವರು 10ರಲ್ಲಿ 6 ರ್ಯಾಕ್ ಗೆಲ್ಲುತ್ತಾರೆ ಎಂದುಕೊಳ್ಳಿ. ಮೊದಲು 2 ರ್ಯಾಕ್ ಗೆದ್ದವರಿಗೆ ಪಂದ್ಯ. ಇಂಥ 1,000 ಪಂದ್ಯ ಆಡಿದರೆ ಮೊದಲ ಬ್ರೇಕ್ ಸಿಕ್ಕವರು ಎಷ್ಟು ಗೆಲ್ಲುತ್ತಾರೆ?

ಸರದಿ ಪದ್ಧತಿಯಲ್ಲಿ: ಮೊದಲೆರಡೂ ಗೆದ್ದು 240, ಗೆದ್ದು ಸೋತು ಗೆದ್ದು 216, ಮೊದಲು ಸೋತು ಆಮೇಲೆ ಎರಡು ಗೆದ್ದು 96. ಒಟ್ಟು 552.

ಗೆದ್ದವರ ಬ್ರೇಕ್ ಪದ್ಧತಿಯಲ್ಲಿ: ಅದೇ ಕ್ರಮದಲ್ಲಿ 360, 96, 96. ಒಟ್ಟು 552.

ಎರಡೂ ಒಂದೇ! ಮೊದಲು 2 ಅಲ್ಲ, 11 ಗೆದ್ದವರಿಗೆ ಪಂದ್ಯ ಎಂದರೂ ಪಂದ್ಯ ಗೆಲ್ಲುವ ಸಾಧ್ಯತೆ ಎರಡು ಪದ್ಧತಿಯಲ್ಲೂ ಸಮವೇ ಎಂದು ಗಣಿತದವರು ಸಾಧಿಸಿ ತೋರಿಸಿದ್ದಾರೆ. ಬದಲಾಗುವುದು ಅಂತರ. ಸರದಿಯಲ್ಲಿ 2-0ಗೆ ಮುಗಿಯುವ ಪಂದ್ಯ 1,000ಕ್ಕೆ 480, ಗೆದ್ದವರ ಬ್ರೇಕ್‌ನಲ್ಲಿ 600. ಅಂದರೆ ಏಕಪಕ್ಷೀಯ ಸೋಲು ಹೆಚ್ಚಾಗಿ ಕಣ್ಣಿಗೆ ಬೀಳುತ್ತದೆ, ಅನ್ಯಾಯ ಎನ್ನಿಸುತ್ತದೆ. ನಿಜವಾದ ಲಾಭ ಇರುವುದು ಮೊಟ್ಟಮೊದಲ ಬ್ರೇಕ್‌ನಲ್ಲಿ. 500 ಇರಬೇಕಾದ್ದು 552 ಆದದ್ದು ಅದರಿಂದಲೇ. ನಾವು ರ್ಯಾಕ್ ರ್ಯಾಕ್‌ಗೂ ಜಗಳವಾಡುತ್ತೇವೆ, ಟಾಸ್ ಹಾಕುವಾಗ ಮಾತ್ರ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಕಣ್ಣಿಗೆ ಕಂಡದ್ದು ಸುಳ್ಳಲ್ಲ, ಆದರೆ ಅಷ್ಟೇ ಪೂರ್ತಿ ನಿಜವೂ ಅಲ್ಲ. ಬಲವೇ ಎಲ್ಲ ಎಂದು ಎಲ್ಲರೂ ಕಂಡಿದ್ದರು. ಚೆಂಡು ಬಿದ್ದರೆ ಬ್ರೇಕ್ ಒಳ್ಳೆಯದು ಎಂದೂ ಕಂಡಿದ್ದರು. ಗೀಟು ಹಾಕಿ ಎಣಿಸಿದ ಮೇಲೆ ಎರಡೂ ಅರ್ಧ ನಿಜ ಎಂದು ಗೊತ್ತಾಯಿತು. ಅದಕ್ಕೆ ಬೇಕಾದದ್ದು ಕಂಪ್ಯೂಟರ್ ಅಲ್ಲ, ಒಂದು ಪುಸ್ತಕ, ಒಂದು ಪೆನ್ನು, ತಾಳ್ಮೆ.

ಮುಂದಿನ ಗಣೇಶನ ಹಬ್ಬಕ್ಕೆ ನಿಮ್ಮೂರಲ್ಲಿ ಕೇರಂ ಪಂದ್ಯ ನಡೆದರೆ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಬೋರ್ಡಿನ ಪಕ್ಕ ಕೂರಿಸಿ. ಮೊದಲ ಹೊಡೆತ ಯಾರದು, ಅದರಲ್ಲಿ ಕಾಯಿ ಬಿತ್ತೇ, ಬೋರ್ಡ್ ಯಾರದಾಯಿತು ಎಂದು ಬರೆಸಿ. ಎರಡು ದಿನದ ಪಂದ್ಯಕ್ಕೆ ಎರಡು ಹಾಳೆ ಸಾಕು. ಹಾಳೆ ತುಂಬಿದ ಮೇಲೆ ನಮಗೂ ಹೇಳಿ, ನಾವೂ ನೋಡಲು ಬರುತ್ತೇವೆ.