ಹೋಟೆಲ್ ಕಥೆ, ಭಾಗ 4: ಒಂದು ಕುರ್ಚಿ

ಮೊದಲನೇ ಫೋಟೋದಲ್ಲಿ ಇರೋದು ನಮ್ಮ ತಾತನ ಕೈ, ಪಕ್ಕದಲ್ಲಿ ಅರ್ಧ ತಿಂದ ಖಾಲಿ ದೋಸೆ. ಹೋದ ಭಾನುವಾರ ತೆಗೆದಿದ್ದು. ಹೋಟೆಲ್ ಹೆಸರು ಕೇಳ್ಬೇಡಿ, ಹೇಳಲ್ಲ.

ತಾತನಿಗೆ ಮಂಡಿ ನೋವು. ನಮ್ಮ ಏರಿಯಾದ ಆ ದರ್ಶಿನಿಯಲ್ಲಿ ಕ್ಯಾಶ್ ಕೌಂಟರ್ ಹಿಂದೆ ಎರಡು ಪ್ಲಾಸ್ಟಿಕ್ ಕುರ್ಚಿ ಖಾಲಿ ಇದ್ವು. "ಸರ್, ಒಂದು ಕುರ್ಚಿ ಕೊಡ್ತೀರಾ, ತಾತನಿಗೆ ನಿಲ್ಲೋಕಾಗಲ್ಲ" ಅಂದೆ. ಕ್ಯಾಶಿಯರ್ ತಲೆ ಕೂಡ ಎತ್ತದೆ, "ಇದು ಸೆಲ್ಫ್ ಸರ್ವಿಸ್ ಅಮ್ಮಾ. ಕೂತ್ಕೋಬೇಕು ಅಂದ್ರೆ ಬೇರೆ ಹೋಟ್ಲಿಗೆ ಹೋಗಿ" ಅಂದ್ರು. ಕ್ಯೂನಲ್ಲಿ ನಾಲ್ಕು ಜನ ನೋಡ್ತಿದ್ರು. ನಾನು ಸುಮ್ಮನಾದೆ.

ಮನೆಗೆ ಬಂದು ಒಂದು ಸ್ಟಾರ್ ಕೊಟ್ಟು ಸಿಟ್ಟಲ್ಲಿ ರಿವ್ಯೂ ಟೈಪ್ ಮಾಡ್ತಾ, ಈ ನಿಂತು ತಿನ್ನೋ ಪದ್ಧತಿ ಎಲ್ಲಿಂದ ಬಂತು ಅಂತ ಹುಡುಕಿದೆ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಯಿತು. ಆರ್. ಪ್ರಭಾಕರ್ ಅವರ ಯೋಚನೆ. ಬಿಕಾಂ ತಲೆಯಿಂದ ನೋಡಿದ್ರೆ ಬಹಳ ಚಂದದ ಲೆಕ್ಕ ಇದು: ಕುರ್ಚಿ ಇಲ್ಲ ಅಂದ್ರೆ ಸಣ್ಣ ಜಾಗ ಸಾಕು, ಬಾಡಿಗೆ ಕಮ್ಮಿ. ಸಪ್ಲೈಯರ್ ಸಂಬಳ ಉಳಿಯಿತು. ತಿಂದವರು ಬೇಗ ಜಾಗ ಬಿಡ್ತಾರೆ. ದುಡ್ಡು ಮೊದಲೇ ಗಲ್ಲಾ ಸೇರಿರುತ್ತೆ. ಹಂಗಾಗಿ ಇಡ್ಲಿ ಅಗ್ಗಕ್ಕೆ ಸಿಕ್ತು. ಆದ್ರೆ ಸಪ್ಲೈಯರ್ ಜೊತೆಗೆ "ಇನ್ನೇನು ಬೇಕು ಸಾರ್" ಅನ್ನೋ ಮಾತೂ ಹೋಯ್ತು.

ಇದನ್ನೆಲ್ಲ ತಾತನಿಗೆ ಓದಿ ಹೇಳಿದೆ. ಅವರು ನಕ್ಕರು. "ಕೂರೋಕೆ ಬಿಡದೇ ಇರೋದು 83ರಲ್ಲಿ ಶುರುವಾಯ್ತೇನವ್ವಾ?"

ಆಮೇಲೆ ಹೇಳಿದ್ದು ನಾನು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಅವರ ಊರಿನ ಹೋಟ್ಲಲ್ಲಿ ನಮ್ಮ ಕೇರಿಯವರಿಗೆ ಬೆಂಚ್ ಇರ್ಲಿಲ್ಲ. ಲೋಟ ಹೊರಗಡೆ ಸೂರಿನ ಕೆಳಗೆ. ತಾವೇ ತೊಳೆದು ಹಿಡೀಬೇಕು, ಟೀ ಮೇಲಿಂದ ಹೊಯ್ತಿದ್ರು, ಕಾಸು ಕಟ್ಟೆ ಮೇಲೆ ಇಡಬೇಕು. ಕುಡಿದ ಮೇಲೆ ಮತ್ತೆ ತೊಳೆದು ಅಲ್ಲೇ ಇಟ್ಟು ಬರಬೇಕು. ಇದು ಅರವತ್ತರ ದಶಕದ ಮಾತು. ಹೋಟೆಲ್ ಒಳಗೆ ಹೋಗೋಕೆ ಯಾರನ್ನೂ ಜಾತಿ ಕಾರಣಕ್ಕೆ ತಡೆಯೋ ಹಂಗಿಲ್ಲ ಅಂತ ಸಂವಿಧಾನದ 15(2)ನೇ ವಿಧಿ 1950ರಲ್ಲೇ ಹೇಳಿತ್ತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಅದಕ್ಕೆ ಶಿಕ್ಷೆಯನ್ನೂ ಇಟ್ಟಿತ್ತು. ಕಾಯ್ದೆ ಬಂದು ಎಷ್ಟೋ ವರ್ಷ ಆದ್ಮೇಲೂ ಲೋಟ ಸೂರಿನ ಕೆಳಗೇ ಇತ್ತು.

ಬೆಂಗಳೂರಿಗೆ ಬಂದು ಮೊದಲ ಸಲ ದರ್ಶಿನಿಗೆ ಹೋದಾಗ ಟೋಕನ್ ಕೊಟ್ರು, ಎಲ್ಲರಿಗೂ ಕೊಡೋ ಲೋಟದಲ್ಲೇ ಕಾಫಿ ಕೊಟ್ರು, ಯಾವ ಊರು ಯಾವ ಕೇರಿ ಅಂತ ಕೇಳ್ಲಿಲ್ಲ. "ಅಲ್ಲಿ ಯಾರಿಗೂ ಕುರ್ಚಿ ಇರ್ಲಿಲ್ಲ ಕಣವ್ವಾ" ಅಂದ್ರು ತಾತ. ಖುಷಿಯಲ್ಲೇ ಹೇಳಿದ್ರು.

ಹಾಗಂತ ಕ್ಯಾಶಿಯರ್ ಮಾಡಿದ್ದು ಸರಿನಾ ಅಂತ ಕೇಳಿದೆ. "ಸರಿ ಅಲ್ಲ. ಮಂಡಿ ನೋಯ್ತಿತ್ತು, ಕೊಡಬೇಕಿತ್ತು" ಅಂದ್ರು.

ರಿವ್ಯೂ ಅಳಿಸಿ ಬೇರೆ ಬರೆದೆ: ದೋಸೆ ಚೆನ್ನಾಗಿದೆ, ವಯಸ್ಸಾದವರಿಗೆ ಎರಡು ಕುರ್ಚಿ ಹಾಕಿ. ಇನ್ನೂ ಉತ್ತರ ಬಂದಿಲ್ಲ. ಈ ಭಾನುವಾರ ತಾತ ಅಲ್ಲಿಗೇ ಹೋಗೋಣ ಅಂತಿದ್ದಾರೆ. ಮನೆಯಿಂದ ಮಡಚೋ ಸ್ಟೂಲ್ ತಗೊಂಡು ಹೋಗ್ತೀನಿ.

ಭಾಗ 5: ಎಮರ್ಜೆನ್ಸಿಯಲ್ಲಿ ತಿಂಡಿ ರೇಟ್ ಇಳಿಸಬೇಕಾಗಿ ಬಂದು ಎಂ.ಟಿ.ಆರ್. ಬಾಗಿಲು ಹಾಕಿದ ಕಥೆ.